ವೈದ್ಯರ ಸಂಘ ಬೇರೆ, ವೈದ್ಯಕೀಯ ಪರಿಷತ್ತು ಬೇರೆ: ನೀಲಗಿರಿಯ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ಕೋತಗಿರಿಯ ಬಳಿಯ ಕೂಕಲ್ತೊರೈಯಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ ಅವರ ಮುಂದೆ ಇರುವ ದಾರಿಗಳು ಕೆಲವೇ. ಕೋತಗಿರಿಯ ಸರಕಾರಿ ಆಸ್ಪತ್ರೆ ಅಥವಾ ಅಲ್ಲಿನ ಖಾಸಗಿ ವೈದ್ಯರು, ಕೂನೂರಿನ ಲಾಲಿ ಆಸ್ಪತ್ರೆ, ಅದಕ್ಕೂ ಮೀರಿದರೆ ಉದಕಮಂಡಲದ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಕೊನೆಗೆ ಘಟ್ಟ ಇಳಿದು ಕೊಯಮುತ್ತೂರು. ಗೂಡಲೂರು, ಮಸಿನಗುಡಿ ಕಡೆಯವರಾದರೆ ಗಡಿ ದಾಟಿ ಮೈಸೂರಿಗೋ ಕೇರಳಕ್ಕೋ ಹೋಗುವುದೂ ಉಂಟು. ಈ ದಾರಿಯುದ್ದಕ್ಕೂ ವೈದ್ಯರ ನಾಮಫಲಕಗಳಲ್ಲಿ, ಕಾರಿನ ಗಾಜಿನ ಮೇಲೆ, ಸಭೆಗಳ ಬ್ಯಾನರುಗಳಲ್ಲಿ ಐ.ಎಂ.ಎ. ಎಂಬ ಮೂರು ಅಕ್ಷರಗಳು ಕಾಣಿಸುತ್ತವೆ. ಅದು ಭಾರತೀಯ ವೈದ್ಯಕೀಯ ಸಂಘದ ಹೆಸರಿನ ಸಂಕ್ಷಿಪ್ತ ರೂಪ.

ಈ ಸಂಘದ ಬಗ್ಗೆ ಜನಸಾಮಾನ್ಯರಲ್ಲಿ ಎರಡು ತಪ್ಪು ಕಲ್ಪನೆಗಳು ಬೇರೂರಿವೆ. ಇದು ಸರಕಾರದ ಒಂದು ಇಲಾಖೆ ಎಂಬುದು ಮೊದಲನೆಯದು. ವೈದ್ಯರಿಗೆ ಪರವಾನಗಿ ಕೊಡುವುದೂ ತಪ್ಪು ಮಾಡಿದವರ ಪರವಾನಗಿ ಕಸಿಯುವುದೂ ಇದರ ಕೆಲಸ ಎಂಬುದು ಎರಡನೆಯದು. ಎರಡೂ ನಿಜವಲ್ಲ. ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ಮಾತ್ರ ನಿಜವಾದದ್ದು. ಚಿಕಿತ್ಸೆಯಲ್ಲಿ ಅನ್ಯಾಯವಾಯಿತೆಂದು ನೊಂದ ಕುಟುಂಬ ಸಂಘಕ್ಕೆ ಪತ್ರ ಬರೆದು ಉತ್ತರಕ್ಕಾಗಿ ಕಾದು ಕುಳಿತರೆ, ನ್ಯಾಯ ಕೇಳಬೇಕಾದ ಕಡೆ ಕೇಳುವ ಕಾಲಾವಧಿ ಮೀರಿಹೋಗುತ್ತದೆ. ಇನ್ನೊಂದೆಡೆ, ಸಂಘವು ನಿಜಕ್ಕೂ ಮಾಡಬಲ್ಲ ಕೆಲಸಗಳನ್ನು ನಾವು ಅದರಿಂದ ಕೇಳುವುದೇ ಇಲ್ಲ. ಆದ್ದರಿಂದ ಈ ಸಂಘ ಏನು, ಏನಲ್ಲ ಎಂಬುದನ್ನು ತಿಳಿದುಕೊಳ್ಳುವುದು ಬೆಟ್ಟದ ಕನ್ನಡಿಗರಿಗೂ ಬಡಗ ಬಾಂಧವರಿಗೂ ಉಪಯುಕ್ತ.

ಸಂಘ ಹುಟ್ಟಿದ ಬಗೆ

ವೈದ್ಯರು ವೃತ್ತಿಬಾಂಧವರಾಗಿ ಒಂದು ಸಂಸ್ಥೆಯಡಿ ಸೇರುವ ಪದ್ಧತಿ ಆಧುನಿಕ ವೈದ್ಯದೊಂದಿಗೆ ಪಶ್ಚಿಮದಿಂದ ಬಂದದ್ದು. ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಚಾರ್ಲ್ಸ್ ಹೇಸ್ಟಿಂಗ್ಸ್ ಎಂಬ ವೈದ್ಯರು 1832ರಲ್ಲಿ ಪ್ರಾಂತೀಯ ವೈದ್ಯರ ಸಂಘವೊಂದನ್ನು ಕಟ್ಟಿದರು. ಲಂಡನ್ನಿನ ದೊಡ್ಡ ಕಾಲೇಜುಗಳ ಹಿಡಿತಕ್ಕೆ ಹೊರಗಾಗಿ ಊರೂರುಗಳಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು ತಮ್ಮ ಅನುಭವಗಳನ್ನು ಹಂಚಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಅದೇ ಮುಂದೆ 1856ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಎಂಬ ಹೆಸರು ಪಡೆಯಿತು. ಅಮೆರಿಕದ ವೈದ್ಯಕೀಯ ಸಂಘ ಸ್ಥಾಪನೆಯಾದದ್ದು 1847ರಲ್ಲಿ.

ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ವೈದ್ಯ ವ್ಯವಸ್ಥೆಯ ಮೇಲಿನ ಹುದ್ದೆಗಳು ಬಹುಮಟ್ಟಿಗೆ ಭಾರತೀಯ ವೈದ್ಯಕೀಯ ಸೇವೆ ಎಂಬ ಸೇನಾ ಮೂಲದ ಸೇವೆಯ ಕೈಯಲ್ಲಿದ್ದವು. ಇಲ್ಲಿಯೇ ಓದಿ ಪದವಿ ಪಡೆದ ಸ್ವತಂತ್ರ ವೈದ್ಯರಿಗೆ ತಮ್ಮದೆಂಬ ಧ್ವನಿ ಇರಲಿಲ್ಲ. ಈ ಕೊರತೆಯನ್ನು ತುಂಬಲು 1928ರಲ್ಲಿ ಕಲ್ಕತ್ತೆಯಲ್ಲಿ ನಡೆದ ಐದನೆಯ ಅಖಿಲ ಭಾರತ ವೈದ್ಯಕೀಯ ಸಮ್ಮೇಳನದಲ್ಲಿ ಸಂಘವೊಂದನ್ನು ಸ್ಥಾಪಿಸಲಾಯಿತು. ನೀಲರತನ್ ಸರ್ಕಾರ್, ಬಿಧಾನಚಂದ್ರ ರಾಯ್, ಕಾಂಗ್ರೆಸ್ಸಿನ ನಾಯಕರೂ ಆಗಿದ್ದ ಎಂ.ಎ. ಅನ್ಸಾರಿ ಮೊದಲಾದವರು ಅದರ ಹಿಂದೆ ಇದ್ದರು. 1930ರಲ್ಲಿ ಅದಕ್ಕೆ ಭಾರತೀಯ ವೈದ್ಯಕೀಯ ಸಂಘ ಎಂಬ ಈಗಿನ ಹೆಸರು ಬಂದಿತು. 1949ರಲ್ಲಿ ಕೇಂದ್ರ ಕಚೇರಿ ಕಲ್ಕತ್ತೆಯಿಂದ ದಿಲ್ಲಿಗೆ ಸ್ಥಳಾಂತರಗೊಂಡಿತು. ಹೀಗೆ ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ, ಸ್ವದೇಶೀ ವೈದ್ಯರ ಆತ್ಮಗೌರವದ ಸಂಸ್ಥೆಯಾಗಿ ಇದು ಜನ್ಮ ತಳೆಯಿತು.

ಬಿಧಾನಚಂದ್ರ ರಾಯ್ ಅವರು ಮುಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿ 1948ರಿಂದ ಕೊನೆಯವರೆಗೂ ಅಧಿಕಾರದಲ್ಲಿದ್ದರು. ಅವರು ಹುಟ್ಟಿದ್ದು 1882ರ ಜುಲೈ 1ರಂದು, ತೀರಿಕೊಂಡದ್ದು 1962ರ ಜುಲೈ 1ರಂದು. ಆ ದಿನವನ್ನೇ 1991ರಿಂದ ರಾಷ್ಟ್ರೀಯ ವೈದ್ಯರ ದಿನವಾಗಿ ಆಚರಿಸಲಾಗುತ್ತಿದೆ.

ಸಂಘದ ಸ್ವರೂಪ

ಕಾನೂನಿನ ದೃಷ್ಟಿಯಲ್ಲಿ ಭಾರತೀಯ ವೈದ್ಯಕೀಯ ಸಂಘವು 1860ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾದ ಒಂದು ಖಾಸಗಿ ಸಂಸ್ಥೆ. ನಮ್ಮ ಊರಿನ ಯುವಕ ಸಂಘವೋ ಸಾಂಸ್ಕೃತಿಕ ಸಂಘವೋ ಯಾವ ಬಗೆಯದೋ ಇದೂ ಅದೇ ಬಗೆಯದು. ಗಾತ್ರ ಮತ್ತು ಪ್ರಭಾವಗಳಲ್ಲಿ ಮಾತ್ರ ಅಜಗಜಾಂತರ. ಆಧುನಿಕ ವೈದ್ಯಪದ್ಧತಿಯಲ್ಲಿ ಪದವಿ ಪಡೆದು ನೋಂದಾಯಿಸಿಕೊಂಡವರು ಮಾತ್ರ ಇದರ ಸದಸ್ಯರಾಗಬಹುದು. ಸದಸ್ಯರಾಗಲೇಬೇಕೆಂಬ ಕಡ್ಡಾಯವಿಲ್ಲ. ಆಯುರ್ವೇದ, ಸಿದ್ಧ, ಯುನಾನಿ, ಹೋಮಿಯೋಪತಿ ವೈದ್ಯರಿಗೆ ಬೇರೆ ಸಂಘಗಳಿವೆ. ಸರಕಾರಿ ವೈದ್ಯರು ತಮ್ಮ ಸೇವಾ ವಿಷಯಗಳಿಗಾಗಿ ಪ್ರತ್ಯೇಕ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಸಂಘವೇ ಹೇಳಿಕೊಳ್ಳುವಂತೆ ದೇಶದಾದ್ಯಂತ ಅದಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರು, 1,700ಕ್ಕೂ ಹೆಚ್ಚು ಸ್ಥಳೀಯ ಶಾಖೆಗಳು ಇವೆ. ಸ್ಥಳೀಯ ಶಾಖೆಗಳು ರಾಜ್ಯ ಶಾಖೆಗಳಡಿ, ರಾಜ್ಯ ಶಾಖೆಗಳು ಕೇಂದ್ರ ಸಮಿತಿಯಡಿ ಬರುತ್ತವೆ. ನೀಲಗಿರಿಯ ಸದಸ್ಯರು ತಮಿಳುನಾಡು ರಾಜ್ಯ ಶಾಖೆಗೆ ಸೇರಿದವರು.

ವೈದ್ಯಕೀಯ ಪರಿಷತ್ತು ಇದಕ್ಕಿಂತ ತೀರ ಭಿನ್ನವಾದದ್ದು. ಅದು ಶಾಸನದಿಂದ ಹುಟ್ಟಿದ ಸಂಸ್ಥೆ. ಮದರಾಸು ಪ್ರಾಂತದಲ್ಲಿ 1914ರ ವೈದ್ಯಕೀಯ ನೋಂದಣಿ ಕಾಯಿದೆಯ ಮೂಲಕ ಆರಂಭವಾದ ವ್ಯವಸ್ಥೆಯೇ ಇಂದಿನ ತಮಿಳುನಾಡು ವೈದ್ಯಕೀಯ ಪರಿಷತ್ತು. ರಾಷ್ಟ್ರಮಟ್ಟದಲ್ಲಿ 1933ರ ಮತ್ತು 1956ರ ಕಾಯಿದೆಗಳಡಿ ಭಾರತೀಯ ವೈದ್ಯಕೀಯ ಪರಿಷತ್ತು ಇತ್ತು. 2019ರ ಕಾಯಿದೆ ಅದರ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ತಂದಿತು. ಆಯೋಗವು 2020ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದಿತು. ವೈದ್ಯನ ಹೆಸರು ನೋಂದಣಿ ಪುಸ್ತಕದಲ್ಲಿ ಇದ್ದರೆ ಮಾತ್ರ ಅವನು ಚಿಕಿತ್ಸೆ ನೀಡಬಹುದು. ಆ ಹೆಸರನ್ನು ಬರೆದುಕೊಳ್ಳುವ, ಎಚ್ಚರಿಕೆ ಕೊಡುವ, ನಿಗದಿತ ಕಾಲಕ್ಕೋ ಶಾಶ್ವತವಾಗಿಯೋ ಹೊಡೆದುಹಾಕುವ ಅಧಿಕಾರ ಪರಿಷತ್ತಿಗೆ ಸೇರಿದ್ದು. ಸಂಘವು ಹೆಚ್ಚೆಂದರೆ ಒಬ್ಬ ವೈದ್ಯನನ್ನು ತನ್ನ ಸದಸ್ಯತ್ವದಿಂದ ತೆಗೆದುಹಾಕಬಹುದು. ಅದರಿಂದ ಅವನ ವೃತ್ತಿಗೆ ಯಾವ ತಡೆಯೂ ಇಲ್ಲ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಸಂಘವು ವೈದ್ಯರ ಪರವಾಗಿ ಮಾತನಾಡುವ ಸಂಸ್ಥೆ. ಪರಿಷತ್ತು ಸಾರ್ವಜನಿಕರ ಪರವಾಗಿ ವೈದ್ಯರನ್ನು ನಿಯಂತ್ರಿಸಬೇಕಾದ ಸಂಸ್ಥೆ.

ಜ್ಞಾನ ಹಂಚುವ ಕೆಲಸ

ಹಾಗೆಂದು ಸಂಘವು ಕೇವಲ ವೈದ್ಯರ ಹಿತಾಸಕ್ತಿಯ ಕೂಟ ಎಂದುಕೊಳ್ಳುವುದೂ ಸರಿಯಲ್ಲ. ವೈದ್ಯರನ್ನು ಕಾಲಕ್ಕೆ ತಕ್ಕಂತೆ ತಿದ್ದುವ ಕೆಲಸದ ದೊಡ್ಡ ಪಾಲು ಇಂಥ ಸಂಘಗಳ ಮೂಲಕವೇ ನಡೆಯುತ್ತದೆ. 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಪ್ರತಿಯೊಬ್ಬ ವೈದ್ಯನೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣದಲ್ಲಿ ಭಾಗವಹಿಸಬೇಕು. ದೊಡ್ಡ ನಗರದ ಆಸ್ಪತ್ರೆಯಲ್ಲಿರುವವರಿಗೆ ಇದು ಸುಲಭ. ಬೆಟ್ಟದ ಮೇಲೆ ಒಂಟಿಯಾಗಿ ದವಾಖಾನೆ ನಡೆಸುವವರಿಗೆ ಹಾಗಲ್ಲ. ಸ್ಥಳೀಯ ಶಾಖೆ ಏರ್ಪಡಿಸುವ ಸಂಜೆಯ ಉಪನ್ಯಾಸವೋ ಭಾನುವಾರದ ಕಾರ್ಯಾಗಾರವೋ ಅಂಥವರಿಗೆ ಹೊಸ ಔಷಧ, ಹೊಸ ಚಿಕಿತ್ಸಾಕ್ರಮಗಳ ಪರಿಚಯ ಮಾಡಿಕೊಡುತ್ತದೆ. ಸಂಘದ ಅಡಿಯಲ್ಲಿ ಸಾಮಾನ್ಯ ವೈದ್ಯರಿಗಾಗಿಯೇ ಒಂದು ಶೈಕ್ಷಣಿಕ ವಿಭಾಗವೂ ತಜ್ಞರಿಗಾಗಿ ಮತ್ತೊಂದು ವಿಭಾಗವೂ ಇವೆ.

ವೈದ್ಯರ ಸಂಘಗಳ ಇನ್ನೊಂದು ಕೊಡುಗೆ ಅವುಗಳ ಪತ್ರಿಕೆಗಳು. ಅದರ ಬೆಲೆ ಏನೆಂಬುದಕ್ಕೆ ನೀಲಗಿರಿಯಲ್ಲೇ ಒಂದು ದೃಷ್ಟಾಂತವಿದೆ. ಹರ್ಮನ್ ಲೇಹ್ಮನ್ ಮತ್ತು ಮೇರಿ ಕಟ್‌ಬುಶ್ ಎಂಬ ವಿಜ್ಞಾನಿಗಳು ಈ ಬೆಟ್ಟದ ಆದಿವಾಸಿಗಳ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ಕುಡಗೋಲು ಕಣದ ಲಕ್ಷಣ ಇದೆಯೆಂಬುದನ್ನು 1952ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಈ ಲಕ್ಷಣವನ್ನು ಗುರುತಿಸಿದ ಮೊದಲ ವರದಿಗಳಲ್ಲಿ ಅದೂ ಒಂದು. ಅದು ಬೆಳಕು ಕಂಡದ್ದು ಬ್ರಿಟಿಷ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ. ಕೆಂಪು ರಕ್ತಕಣಗಳು ದುಂಡಗಿರುವ ಬದಲು ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತೀವ್ರ ನೋವನ್ನೂ ರಕ್ತಹೀನತೆಯನ್ನೂ ಉಂಟುಮಾಡುವ ವಂಶಪಾರಂಪರ್ಯ ರೋಗವಿದು. ತಂದೆ ತಾಯಿ ಇಬ್ಬರಿಂದಲೂ ಆ ಲಕ್ಷಣ ಬಂದ ಮಗುವಿಗೆ ರೋಗ ಬರುತ್ತದೆ; ಒಬ್ಬರಿಂದ ಮಾತ್ರ ಬಂದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇದ್ದು ಲಕ್ಷಣವನ್ನು ಮುಂದಿನ ಪೀಳಿಗೆಗೆ ಒಯ್ಯುತ್ತದೆ. ಪಣಿಯ, ಇರುಳ, ಕುರುಂಬ ಸಮುದಾಯಗಳಲ್ಲಿ ಇದು ಇಂದಿಗೂ ದೊಡ್ಡ ಸಮಸ್ಯೆ. ಗೂಡಲೂರಿನ ಆದಿವಾಸಿ ಆಸ್ಪತ್ರೆ ಅನೇಕ ವರ್ಷಗಳಿಂದ ಈ ರೋಗಿಗಳ ಆರೈಕೆ ಮಾಡುತ್ತ ಬಂದಿದೆ. ಕೇಂದ್ರ ಸರಕಾರದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ ಆರಂಭವಾದದ್ದು 2023ರ ಜುಲೈ 1ರಂದು, ಅಂದರೆ ವೈದ್ಯರ ದಿನದಂದೇ.

1952ರ ಲೇಖನಕ್ಕೂ 2023ರ ಅಭಿಯಾನಕ್ಕೂ ನಡುವೆ ಎಪ್ಪತ್ತು ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದ ತಿಳಿವಳಿಕೆ, ಅದು ಯಾರ ರಕ್ತದಿಂದ ದೊರೆಯಿತೋ ಅವರ ಗುಡಿಸಲಿಗೆ ಅವರ ಮಾತಿನಲ್ಲಿ ಮರಳಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಈ ಅಂತರ ತೋರಿಸುತ್ತದೆ.

ಪರಿಸರದ ವಿಷಯದಲ್ಲಿ ನೆರೆಯ ಕೇರಳದ ಉದಾಹರಣೆ ಗಮನಾರ್ಹ. ಆಸ್ಪತ್ರೆಗಳ ತ್ಯಾಜ್ಯವನ್ನು ಎಲ್ಲೆಂದರಲ್ಲಿ ಸುರಿಯುವ ಪಿಡುಗಿಗೆ ಪರಿಹಾರವಾಗಿ ಸಂಘದ ಕೇರಳ ಶಾಖೆಯೇ ಇಮೇಜ್ ಎಂಬ ಯೋಜನೆಯನ್ನು ರೂಪಿಸಿ, ಪಾಲಕ್ಕಾಡಿನಲ್ಲಿ ತ್ಯಾಜ್ಯ ಸಂಸ್ಕರಣ ಘಟಕವನ್ನು ನಡೆಸುತ್ತ ಬಂದಿದೆ. ಗಡಿ ದಾಟಿ ಬರುವ ಆಸ್ಪತ್ರೆ ತ್ಯಾಜ್ಯದ ದೂರುಗಳು ತಮಿಳುನಾಡಿನ ಗಡಿ ಜಿಲ್ಲೆಗಳಲ್ಲಿ ಆಗಾಗ ಕೇಳಿಬರುತ್ತಿರುವಾಗ, ವೈದ್ಯರ ಸಂಘವೊಂದು ಮನಸ್ಸು ಮಾಡಿದರೆ ಎಂಥ ಹೊಣೆಯನ್ನು ಹೊರಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಒತ್ತಡ ತರುವ ಶಕ್ತಿ

ಸಂಘದ ಅತ್ಯಂತ ಪ್ರಬಲವಾದ ಮುಖ ಸರಕಾರದ ಮೇಲೆ ಒತ್ತಡ ತರುವಲ್ಲಿ ಕಾಣುತ್ತದೆ. 2020ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಚೆನ್ನೈಯ ನರ ಶಸ್ತ್ರವೈದ್ಯರೊಬ್ಬರ ಶವಸಂಸ್ಕಾರವನ್ನು ಗುಂಪೊಂದು ಹಿಂಸಾತ್ಮಕವಾಗಿ ತಡೆದಾಗ ದೇಶದ ವೈದ್ಯರೆಲ್ಲ ನೊಂದರು. ಸಂಘವು ಪ್ರತಿಭಟನೆಯ ಕರೆ ಕೊಟ್ಟಿತು. ಏಪ್ರಿಲ್ 22ರಂದು ಕೇಂದ್ರ ಗೃಹಸಚಿವರು ಸಂಘದ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಿದರು. ಅದೇ ದಿನ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ತಿದ್ದುಪಡಿ ತರುವ ಸುಗ್ರೀವಾಜ್ಞೆಗೆ ಒಪ್ಪಿಗೆ ದೊರೆತು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ಕಠಿಣ ಶಿಕ್ಷೆಗೆ ಗುರಿಯಾಯಿತು. ತಮಿಳುನಾಡಿನಲ್ಲಿ 2008ರಿಂದಲೇ ವೈದ್ಯರನ್ನೂ ಆಸ್ಪತ್ರೆಗಳನ್ನೂ ಹಿಂಸೆಯಿಂದ ರಕ್ಷಿಸುವ ಪ್ರತ್ಯೇಕ ಕಾಯಿದೆಯಿದೆ. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ ಎಸಗಿ ಕೊಂದ ಘಟನೆಯ ನಂತರ ಆಗಸ್ಟ್ 17ರಂದು ಸಂಘವು 24 ಗಂಟೆಗಳ ಕಾಲ ತುರ್ತಲ್ಲದ ಸೇವೆಗಳನ್ನು ನಿಲ್ಲಿಸುವ ಕರೆ ನೀಡಿತು.

ಈ ಬಲ ಯಾವಾಗಲೂ ರೋಗಿಯ ಹಿತಕ್ಕೇ ಒದಗುತ್ತದೆಂದು ಹೇಳಲಾಗದು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ಕಟ್ಟುನಿಟ್ಟಿನ ತಿದ್ದುಪಡಿ ತರಲು ಸರಕಾರ ಹೊರಟಾಗ, 2017ರ ನವೆಂಬರಿನಲ್ಲಿ ಸಂಘದ ಮುಂದಾಳ್ತನದಲ್ಲಿ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗಗಳನ್ನು ಮುಚ್ಚಿದವು. ದರ ನಿಯಂತ್ರಣ ಮತ್ತು ಶಿಕ್ಷೆಯ ಅಂಶಗಳು ವೃತ್ತಿಯನ್ನೇ ಅಪರಾಧವೆಂಬಂತೆ ಕಾಣುತ್ತವೆ ಎಂಬುದು ವೈದ್ಯರ ವಾದ. ದುಬಾರಿ ಬಿಲ್ಲುಗಳಿಂದ ರೋಗಿಗಳಿಗೆ ರಕ್ಷಣೆ ಬೇಕೆಂಬುದು ಸರಕಾರದ ಮತ್ತು ಆರೋಗ್ಯ ಹೋರಾಟಗಾರರ ವಾದ. ಕೊನೆಗೆ ಮಸೂದೆ ಮಾರ್ಪಾಡುಗಳೊಂದಿಗೆ ಅಂಗೀಕಾರವಾಯಿತು. ಅದೇ ರೀತಿ 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಡವಳಿಕೆಯ ನಿಯಮಗಳನ್ನು ಹೊರಡಿಸಿ, ಔಷಧಗಳನ್ನು ಕಂಪನಿಯ ಹೆಸರಿನಲ್ಲಿ ಬರೆಯದೆ ಮೂಲ ಹೆಸರಿನಲ್ಲೇ ಬರೆಯಬೇಕೆಂದಿತು. ಗುಣಮಟ್ಟದ ಖಾತರಿಯಿಲ್ಲದೆ ಇದು ಸಲ್ಲದೆಂದು ಸಂಘವು ಬಲವಾಗಿ ವಿರೋಧಿಸಿತು. ಅದೇ ತಿಂಗಳ 23ರಂದು ನಿಯಮಗಳನ್ನು ತಡೆಹಿಡಿಯಲಾಯಿತು. 2002ರ ನಿಯಮಗಳೇ ಮತ್ತೆ ಜಾರಿಗೆ ಬಂದವು.

ಸಂಘವೂ ಪ್ರಶ್ನೆಗೆ ಅತೀತವಲ್ಲ. ಪತಂಜಲಿ ಸಂಸ್ಥೆಯ ಜಾಹೀರಾತುಗಳ ವಿರುದ್ಧ ಅದು 2022ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕಿತು. 2024ರ ಏಪ್ರಿಲಿನಲ್ಲಿ ಆ ಪ್ರಕರಣದ ವಿಚಾರಣೆಯ ವೇಳೆ ನ್ಯಾಯಾಲಯವು ಸಂಸ್ಥೆಯನ್ನು ತರಾಟೆಗೆ ತೆಗೆದುಕೊಂಡದ್ದಲ್ಲದೆ, ದುಬಾರಿ ಮತ್ತು ಅನಗತ್ಯ ಔಷಧಗಳನ್ನು ಬರೆಯುವ ತನ್ನ ಸದಸ್ಯರ ಬಗೆಗೂ ಸಂಘವು ಗಮನ ಹರಿಸಬೇಕೆಂದು ಸೂಚಿಸಿತು.

ದೂರು ಎಲ್ಲಿಗೆ?

ಕೂಕಲ್ತೊರೈಯ ಕುಟುಂಬವೊಂದಕ್ಕೆ ಚಿಕಿತ್ಸೆಯಲ್ಲಿ ಲೋಪವಾಗಿದೆ ಎನ್ನಿಸಿದರೆ ಏನು ಮಾಡಬೇಕು? ಮೊದಲ ಹೆಜ್ಜೆ ದಾಖಲೆಗಳನ್ನು ಕೇಳಿ ಪಡೆಯುವುದು. 2002ರ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ರೋಗಿಯೋ ಅವನ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ವೈದ್ಯನು ತನ್ನ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಪ್ರದರ್ಶಿಸಬೇಕು, ಔಷಧ ಚೀಟಿಯಲ್ಲೂ ರಸೀದಿಯಲ್ಲೂ ಬರೆದಿರಬೇಕು. ಆ ಸಂಖ್ಯೆಯನ್ನು ಗುರುತುಮಾಡಿಕೊಂಡರೆ ಅವನು ಯಾವ ರಾಜ್ಯದ ಪರಿಷತ್ತಿನಲ್ಲಿ ನೋಂದಾಯಿತ ಎಂಬುದೂ ತಿಳಿಯುತ್ತದೆ. ಸಂಖ್ಯೆಯೇ ಇಲ್ಲದಿದ್ದರೆ ಅನುಮಾನಕ್ಕೆ ಕಾರಣವಿದೆ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವರಿಗೆ 2019ರ ಕಾಯಿದೆಯಡಿ ಒಂದು ವರ್ಷದವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ವಿಧಿಸಬಹುದು.

ವೃತ್ತಿ ನಡವಳಿಕೆಯ ದೂರುಗಳು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಹೋಗಬೇಕು. ಕೋತಗಿರಿ, ಉದಕಮಂಡಲ, ಕೊಯಮುತ್ತೂರುಗಳ ವೈದ್ಯರಾದರೆ ಸಾಮಾನ್ಯವಾಗಿ ಚೆನ್ನೈಯಲ್ಲಿರುವ ತಮಿಳುನಾಡು ಪರಿಷತ್ತಿಗೆ. ಮೈಸೂರಿನ ವೈದ್ಯರಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಕೇರಳದವರಾದರೆ ಆ ರಾಜ್ಯದ ಪರಿಷತ್ತಿಗೆ. ಗಡಿಯಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ದೂರನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆಂದು ನಿಯಮ ಹೇಳುತ್ತದೆ. ಆದರೆ ಪರಿಷತ್ತಿನ ತೀರ್ಮಾನದ ಮೇಲೆ ರಾಷ್ಟ್ರೀಯ ಆಯೋಗದ ಮಂಡಳಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು 2019ರ ಕಾಯಿದೆ ಸ್ಪಷ್ಟ ಮಾತುಗಳಲ್ಲಿ ಕೊಟ್ಟಿರುವುದು ವೈದ್ಯನಿಗೆ ಮಾತ್ರ. ರೋಗಿಗೆ ಆ ಹಕ್ಕಿನ ಉಲ್ಲೇಖವಿಲ್ಲ. ಇದು ತಿದ್ದಬೇಕಾದ ಕೊರತೆ.

ಹಣದ ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗವಿದೆ. ಈ ಹಕ್ಕು ದೊರೆತ ತೀರ್ಪಿನ ಹೆಸರಿನಲ್ಲೇ ಸಂಘದ ಹೆಸರೂ ಇದೆ. ವೈದ್ಯಸೇವೆ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಘವು ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. ವಿ.ಪಿ. ಶಾಂತಾ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ 1995ರ ನವೆಂಬರ್ 13ರಂದು ನ್ಯಾಯಾಲಯವು ಸಂಘದ ವಾದವನ್ನು ತಳ್ಳಿಹಾಕಿತು. ಹಣ ಪಡೆದು ನೀಡುವ ಚಿಕಿತ್ಸೆ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೀಡುವ ಸೇವೆ ಮಾತ್ರ ವ್ಯಾಪ್ತಿಯ ಹೊರಗೆ ಎಂದು ಅದು ತೀರ್ಮಾನಿಸಿತು. 2019ರ ಹೊಸ ಗ್ರಾಹಕ ಕಾಯಿದೆಯಡಿಯೂ ವೈದ್ಯಸೇವೆ ಸೇರುತ್ತದೆಂಬುದು 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ದೃಢಪಟ್ಟಿತು. ಈಗ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಯಮುತ್ತೂರಿನಲ್ಲೋ ಮೈಸೂರಿನಲ್ಲೋ ಚಿಕಿತ್ಸೆ ಪಡೆದಿದ್ದರೂ ಉದಕಮಂಡಲದ ಜಿಲ್ಲಾ ಆಯೋಗದ ಮುಂದೆ ಹೋಗಲು ಅವಕಾಶವಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು.

ಸರಕಾರಿ ಆಸ್ಪತ್ರೆಯ ಉಚಿತ ಚಿಕಿತ್ಸೆಯ ವಿಷಯವಾದರೆ ಜಿಲ್ಲೆಯ ವೈದ್ಯಕೀಯ ಸೇವೆಗಳ ಜಂಟಿ ನಿರ್ದೇಶಕರಿಗೆ ಬರೆಯಬೇಕು. 104 ಸಂಖ್ಯೆಯ ಆರೋಗ್ಯ ಸಹಾಯವಾಣಿಗೂ ಹೇಳಬಹುದು. ಇನ್ನು ಪೊಲೀಸ್ ದೂರಿನ ವಿಷಯ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದ ತೀರ್ಪಿನಂತೆ, ವೈದ್ಯನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಲು ಘೋರವಾದ ನಿರ್ಲಕ್ಷ್ಯ ಇರಬೇಕು. ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರೊಬ್ಬರ, ಸಾಧ್ಯವಾದರೆ ಸರಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಚಿಕಿತ್ಸೆ ಫಲಿಸದೆ ರೋಗಿ ತೀರಿಕೊಂಡ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ದುಃಖದ ಭರದಲ್ಲಿ ಆಸ್ಪತ್ರೆಯ ಮೇಲೆ ಕೈಮಾಡಿದರೆ ನೊಂದವರೇ ಆರೋಪಿಗಳಾಗುತ್ತಾರೆ ಎಂಬುದನ್ನೂ ಹಿರಿಯರು ತಿಳಿಹೇಳಬೇಕು.

ಭಾಷೆಯ ಪ್ರಶ್ನೆ

ಸಂಘದಿಂದ ನಾವು ನ್ಯಾಯತೀರ್ಮಾನ ನಿರೀಕ್ಷಿಸುವಂತಿಲ್ಲ. ಆದರೆ ಸೌಹಾರ್ದದಿಂದ ಕೇಳಿ ಪಡೆಯಬಹುದಾದ ಒಂದು ಮುಖ್ಯ ಸಂಗತಿ ಇದೆ. ಅದು ಭಾಷೆ. 2011ರ ಜನಗಣತಿಯಲ್ಲಿ ಬಡಗು ತಾಯ್ನುಡಿಯೆಂದು ಹೇಳಿಕೊಂಡವರು 1,33,550 ಮಂದಿ. ಜನಗಣತಿಯು ಅವರನ್ನು ಕನ್ನಡದ ಗುಂಪಿನಡಿಯೇ ಎಣಿಸಿದೆ. ಬಡಗು ಸ್ವತಂತ್ರ ಭಾಷೆಯೆನ್ನುವ ವಿದ್ವಾಂಸರೂ ಇದ್ದಾರೆ. ವಾದ ಹೇಗೇ ಇರಲಿ, ಹಟ್ಟಿಯ ಅಜ್ಜಿಯೊಬ್ಬರು ತಮ್ಮ ಎದೆಯುರಿಯನ್ನೋ ತಲೆಸುತ್ತನ್ನೋ ವಿವರಿಸುವುದು ತಮ್ಮ ಮಾತಿನಲ್ಲಿ. ವೈದ್ಯರು ಕೇಳುವುದು ತಮಿಳಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ನಡುವೆ ಮೊಮ್ಮಗನೋ ಸೊಸೆಯೋ ದುಭಾಷಿಯಾಗುತ್ತಾರೆ. ಗರ್ಭಕೋಶದ ತೊಂದರೆ, ಮೂತ್ರದ ತೊಂದರೆ, ಮನಸ್ಸಿನ ಬೇನೆ ಇಂಥವನ್ನು ಮೊಮ್ಮಗನ ಬಾಯಿಯಿಂದ ಹೇಳಿಸಲು ಯಾವ ಅಜ್ಜಿಯೂ ಒಪ್ಪುವುದಿಲ್ಲ. ಹೇಳದೆ ಉಳಿದ ಮಾತಿಗೆ ಔಷಧವೂ ಇಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯಬೇಕೆಂದು 2002ರ ನಿಯಮ ವಿಧಿಸುತ್ತದೆ. ಯಾವ ಭಾಷೆಯಲ್ಲಿ ಎಂಬುದನ್ನು ಹೇಳುವುದಿಲ್ಲ. ಆದರೆ ವೈದ್ಯರ ಲೋಕವೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಎರಡನೆಯ ಮಹಾಯುದ್ಧದ ಬಳಿಕ ಸ್ಥಾಪನೆಯಾದ ವಿಶ್ವ ವೈದ್ಯಕೀಯ ಸಂಘದ ಸ್ಥಾಪಕ ಸದಸ್ಯರಲ್ಲಿ ಭಾರತೀಯ ವೈದ್ಯಕೀಯ ಸಂಘವೂ ಒಂದು. ಆ ವಿಶ್ವಸಂಸ್ಥೆ ರೋಗಿಗಳ ಹಕ್ಕುಗಳ ಬಗ್ಗೆ 1981ರಲ್ಲಿ ಲಿಸ್ಬನ್ ಘೋಷಣೆಯನ್ನು ಅಂಗೀಕರಿಸಿತು. ಮುಂದೆ ಪರಿಷ್ಕೃತವಾದ ಆ ಘೋಷಣೆಯ ಪ್ರಕಾರ ಮಾಹಿತಿಯನ್ನು ರೋಗಿಯ ಸಂಸ್ಕೃತಿಗೆ ಹೊಂದುವಂತೆಯೂ ಅವನಿಗೆ ಅರ್ಥವಾಗುವಂತೆಯೂ ನೀಡಬೇಕು. 2018ರಲ್ಲಿ ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಕೂಡ ರೋಗಿಗೆ ತಿಳಿದ ಭಾಷೆಯಲ್ಲಿ ವಿವರಣೆ ನೀಡಬೇಕೆನ್ನುತ್ತದೆ. ಆದ್ದರಿಂದ ನಾವು ಭಾಷೆಯ ವಿಷಯ ಎತ್ತುವುದು ತಮಿಳಿನ ವಿರುದ್ಧದ ಮಾತಲ್ಲ. ವೈದ್ಯರೇ ಒಪ್ಪಿಕೊಂಡಿರುವ ಧರ್ಮವನ್ನು ನೆನಪಿಸುವ ಮಾತು.

ಇದು ಆಗದ ಕೆಲಸವೂ ಅಲ್ಲ. ಕರ್ನಾಟಕದಲ್ಲಿ ಸಂಘದ ರಾಜ್ಯ ಶಾಖೆಯ ಆಶ್ರಯದಲ್ಲಿ ಕನ್ನಡದಲ್ಲಿ ಬರೆಯುವ ವೈದ್ಯರ ಬಳಗ ಬೆಳೆದುಬಂದಿದೆ. ‘ತಾಯಿ ಮಗು’ ಬರೆದ ಅನುಪಮಾ ನಿರಂಜನ, ಮನೋರೋಗಗಳ ಬಗ್ಗೆ ಸರಳವಾಗಿ ಬರೆದ ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಶರೀರಶಾಸ್ತ್ರದ ಕಠಿಣ ವಿಷಯಗಳನ್ನು ಮನೆಮಾತಿಗೆ ತಂದಿದ್ದಾರೆ. ಬಡಗ ಸಮುದಾಯದಿಂದ ಬಂದ ವೈದ್ಯರೂ ದಾದಿಯರೂ ಇಂದು ಇದ್ದಾರೆ. ಉದಕಮಂಡಲದ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. 700 ಹಾಸಿಗೆಗಳ ಹೊಸ ಆಸ್ಪತ್ರೆ 2025ರ ಏಪ್ರಿಲ್ 6ರಂದು ತೆರೆಯಿತು. ವಿವಿಧ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳು ಈ ಬೆಟ್ಟದ ರೋಗಿಗಳ ಮುಂದೆಯೇ ವೈದ್ಯ ಕಲಿಯುತ್ತಿದ್ದಾರೆ.

ಈ ಹಿನ್ನೆಲೆಯಲ್ಲಿ ನಮ್ಮ ಊರ ಸಂಘಗಳು ವೈದ್ಯರ ಸಂಘದ ಸ್ಥಳೀಯ ಪದಾಧಿಕಾರಿಗಳ ಮುಂದೆ ಮೂರು ಬೇಡಿಕೆಗಳನ್ನು ಇಡಬಹುದು. ಮೊದಲನೆಯದು, ರೋಗಲಕ್ಷಣಗಳನ್ನು ಕೇಳಲು ಬೇಕಾದ ನೂರಿನ್ನೂರು ಮಾತುಗಳ ಬಡಗು ಮತ್ತು ಕನ್ನಡದ ಕೈಪಿಡಿ. ಅದನ್ನು ತಮಿಳು ಲಿಪಿಯಲ್ಲೂ ಅಚ್ಚುಹಾಕಿದರೆ ಹೊರಗಿನಿಂದ ಬಂದ ವೈದ್ಯರಿಗೂ ನೆರವಾಗುತ್ತದೆ. ಅದರ ಪದಸಂಗ್ರಹವನ್ನು ಮಾಡಿಕೊಡುವ ಹೊಣೆ ನಮ್ಮದಾಗಲಿ. ಎರಡನೆಯದು, ಒಪ್ಪಿಗೆ ಪತ್ರದ ಸಾರವನ್ನು ಸಹಿ ಹಾಕಿಸುವ ಮುನ್ನ ರೋಗಿಯ ಮಾತಿನಲ್ಲಿ ಓದಿ ಹೇಳುವ ಪದ್ಧತಿ. ನಮ್ಮ ಎಷ್ಟೋ ಹಿರಿಯರಿಗೆ ಯಾವ ಲಿಪಿಯೂ ಓದಲು ಬಾರದು. ಅವರಿಗೆ ಬೇಕಾದದ್ದು ಅಚ್ಚಾದ ಹಾಳೆಯಲ್ಲ, ಕಿವಿಗೆ ಬೀಳುವ ಮಾತು. ಮೂರನೆಯದು, ವರ್ಷಕ್ಕೊಮ್ಮೆ, ಬೇಕಾದರೆ ವೈದ್ಯರ ದಿನದಂದೇ, ಹಟ್ಟಿಯೊಂದರಲ್ಲಿ ಬಡಗು ಬಲ್ಲ ವೈದ್ಯರಿಂದ ಆರೋಗ್ಯ ಸಂವಾದ. ಗೂಡಲೂರು ಭಾಗದಲ್ಲಿ ಆದಿವಾಸಿಗಳ ಮಾತಿನಲ್ಲಿ ಕುಡಗೋಲು ಕಣ ರೋಗದ ತಿಳಿವಳಿಕೆ.

ಈ ಯಾವ ಬೇಡಿಕೆಗೂ ಹೊಸ ಕಾಯಿದೆ ಬೇಕಿಲ್ಲ, ಸರಕಾರದ ಅನುದಾನವೂ ಬೇಕಿಲ್ಲ. 1928ರಲ್ಲಿ ತಮ್ಮ ಧ್ವನಿಗೆ ಬೆಲೆ ಬೇಕೆಂದು ಸೇರಿದ ವೈದ್ಯರ ಸಂಘಕ್ಕೆ ರೋಗಿಯ ಧ್ವನಿಯ ಬೆಲೆಯನ್ನು ಹೊಸದಾಗಿ ವಿವರಿಸಬೇಕಾಗಿಯೂ ಇಲ್ಲ. ಹಟ್ಟಿಯ ಹಿರಿಯರೂ ಓದಿದ ಯುವಕ ಯುವತಿಯರೂ ಒಂದು ಮನವಿಪತ್ರ ಸಿದ್ಧಮಾಡಿ, ಕೋತಗಿರಿಯಲ್ಲೋ ಉದಕಮಂಡಲದಲ್ಲೋ ಅವರ ಮುಂದಿನ ಸಭೆಯ ದಿನ ಕೇಳಿಕೊಂಡು ಹೋಗಿ ಕೊಟ್ಟರೆ ಕೆಲಸ ಆರಂಭವಾಗುತ್ತದೆ.